ತೂಕದ ಬೆಲ್ಟ್ ಬಿಚ್ಚುವಾಗ ಬಕಲ್ ಇಲ್ಲದ ತುದಿಯನ್ನು ಹಿಡಿಯಿರಿ
ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ರಕ್ಷಣಾ ತರಬೇತಿ ಪಡೆಯುವವರು, ಮುಳುಗಿದವರಂತೆ ನಟಿಸುತ್ತಿರುವ ಜೊತೆಗಾರರ ಸೊಂಟದಿಂದ ತೂಕದ ಬೆಲ್ಟನ್ನು (ನೀರಿನಲ್ಲಿ ಕೆಳಗಿಳಿಯಲು ನೆರವಾಗುವ, ಸೀಸದ ತುಂಡುಗಳನ್ನು ಪೋಣಿಸಿದ ಪಟ್ಟಿ) ಬಿಚ್ಚುವಾಗ ಬಕಲ್ ಇಲ್ಲದ ತುದಿಯನ್ನೇ ಬಿಗಿಯಾಗಿ ಹಿಡಿದು, ಮೈಗೆ ತಾಗದಂತೆ ತೋಳಿನಷ್ಟು ದೂರಕ್ಕೆ ಎಳೆದುಕೊಳ್ಳಬೇಕು. ಆಗ ಬಕಲ್ ಕೆಳಗೆ ಜೋತುಬಿದ್ದು ತಡೆಯಾಗುವುದರಿಂದ, ಸೀಸದ ತುಂಡುಗಳು ಜಾರಿ ಕೆಳಗಿರುವವರ ತಲೆಯ ಮೇಲೋ ದೋಣಿಯಲ್ಲಿರುವವರ ಕಾಲಿನ ಮೇಲೋ ಬೀಳುವುದಿಲ್ಲ. ದೋಣಿಯವರ ಕೈಗೆ ಕೊಡುವಾಗಲೂ ಅದೇ ತುದಿಯನ್ನು ಕೊಡಬೇಕು. ನಿಜವಾದ ಅಪಘಾತದಲ್ಲಾದರೆ ನೀರಿನ ಮೇಲ್ಮೈಗೆ ಬಂದ ಮೇಲೆ, ಕೆಳಗೆ ಯಾರೂ ಇಲ್ಲವೆಂದು ನೋಡಿ ಬೆಲ್ಟನ್ನು ಬಿಟ್ಟುಬಿಡುವುದೇ ಸರಿ. ಹೋದ ಸೀಸಕ್ಕೆ ಮರುಗಬೇಕಾಗಿಲ್ಲ. ಬೆಲ್ಟಿನ ಮೇಲೆ ಬೇರೆ ಪಟ್ಟಿ ಹಾದುಹೋಗಿದ್ದರೆ, ಅಥವಾ ತೂಕವು ತೇಲಲು ನೆರವಾಗುವ ಜಾಕೆಟ್ಟಿನ ಕಿಸೆಗಳಲ್ಲೇ ಇದ್ದರೆ, ಈ ಉಪಾಯ ನಡೆಯದು. ಅಂಥ ಕಿಸೆಗಳ ಹಿಡಿಕೆ ಎಲ್ಲಿದೆ, ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ನೀರಿಗಿಳಿಯುವ ಮೊದಲೇ ದೋಣಿಯಲ್ಲಿ ಪರಸ್ಪರ ತೋರಿಸಿಕೊಂಡಿರಬೇಕು.