ಯುಡಿಐಡಿ ಕಾರ್ಡ್, ಮಾಸಾಶನ, ರೈಲು ರಿಯಾಯಿತಿ: ಪುಣೆ, ಮುಂಬಯಿಯಲ್ಲಿ ನಾನು ಅರ್ಜಿ ಮಾಡಿಸುವ ಕ್ರಮ

ಪಿಂಪ್ರಿ-ಚಿಂಚವಡ, ಯೆರವಡಾ, ಹಡಪಸರದ ಕಡೆ ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ, ವಿಜಯಪುರದ ಕುಟುಂಬಗಳು, ಡೊಂಬಿವಲಿ, ಘಾಟ್ಕೋಪರದಲ್ಲಿ ನೆಲೆಸಿದ ನಮ್ಮವರು, ಯಾರೇ ಆಗಲಿ ಅಂಗವೈಕಲ್ಯದ ಸರ್ಟಿಫಿಕೇಟ್ ಮತ್ತು ಯುಡಿಐಡಿ (ಅಂಗವಿಕಲರಿಗೆ ದೇಶವಿಡೀ ನಡೆಯುವ ಗುರುತಿನ ಕಾರ್ಡ್) ಬಗ್ಗೆ ಮೊದಲು ಕೇಳುವುದು ಇದನ್ನೇ: “ಸರ್ಟಿಫಿಕೇಟ್ ಊರಲ್ಲೇ ಮಾಡಸಬೇಕಾ, ಇಲ್ಲೂ ಆಗತದಾ ಅಣ್ಣಾ?” ಇಲ್ಲೂ ಆಗುತ್ತದೆ, ಊರಿನದೂ ನಡೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 58ನೇ ಕಲಂ ಪ್ರಕಾರ ಎಲ್ಲಿ ಕೊಟ್ಟ ಸರ್ಟಿಫಿಕೇಟ್ ಆದರೂ ದೇಶವಿಡೀ ಚಲಾವಣೆಯಲ್ಲಿರುತ್ತದೆ. ಆದರೆ ಮಾಸಾಶನದ ಮಾತು ಬೇರೆ. ಕಾರ್ಡು ದೇಶದ್ದು, ಮಾಸಾಶನ ರಾಜ್ಯದ್ದು. ರಾಜ್ಯದ ಕಚೇರಿ ಕಾರ್ಡನ್ನು ನೋಡಿದ ಮೇಲೆ “ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ” ಎಂದು ಕೇಳಿಯೇ ಕೇಳುತ್ತದೆ. ಇವೆರಡನ್ನೂ ಬೆರೆಸಿಕೊಂಡು ಓಡಾಡುವವರೇ ಹೆಚ್ಚು ಸುಸ್ತಾಗುತ್ತಾರೆ.

ಆಸ್ಪತ್ರೆಗೆ ಹೋಗುವ ಮೊದಲು ನಾನು ನೋಡುವುದು ಹೆಸರನ್ನು. ಆಧಾರ್‌ನಲ್ಲಿ ‘ಮಲ್ಲಪ್ಪ ಎಸ್’, ರೇಷನ್ ಕಾರ್ಡಿನಲ್ಲಿ ‘ಮಲ್ಲಪ್ಪ ತಂದೆ ಶರಣಪ್ಪ’, ಶಾಲೆಯ ಟಿ.ಸಿ.ಯಲ್ಲಿ ‘ಮಲ್ಲಿಕಾರ್ಜುನ’. ನಮ್ಮ ಕಡೆ ಇದು ಯಾರಿಗೂ ತೊಡಕಲ್ಲ. ಮಹಾರಾಷ್ಟ್ರದ ಫಾರಮ್ಮಿನಲ್ಲಿ ಮಾತ್ರ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಮನೆ ಇರುತ್ತವೆ. ಇನಿಷಿಯಲ್ ಬಿಡಿಸಿ ಬರೆಯುವಾಗ ಕಂಪ್ಯೂಟರ್ ಮುಂದೆ ಕೂತವನು ಊರಿನ ಹೆಸರನ್ನೇ ಅಡ್ಡಹೆಸರಾಗಿ ಹಾಕಿಬಿಡುತ್ತಾನೆ. ಆಮೇಲೆ ಬ್ಯಾಂಕ್ ಖಾತೆಯ ಹೆಸರಿಗೂ ಕಾರ್ಡಿನ ಹೆಸರಿಗೂ ತಾಳೆ ಬೀಳುವುದಿಲ್ಲ. ಅದಕ್ಕೇ ನನ್ನ ಕ್ರಮ ಹೀಗೆ: ಮೊದಲು ಆಧಾರ್ ಸರಿಪಡಿಸು, ಆಮೇಲೆ ಬ್ಯಾಂಕ್ ಖಾತೆ, ಕೊನೆಗೆ ಯುಡಿಐಡಿ. ಹೆಸರು, ಹುಟ್ಟಿದ ದಿನಾಂಕ ಎರಡೂ ಆಧಾರ್‌ನಲ್ಲಿ ಇರುವಂತೆ ಅಕ್ಷರ ಅಕ್ಷರ ಇಳಿಸಬೇಕು. ತಿದ್ದುವುದನ್ನು ಕಾರ್ಡ್ ಬಂದಮೇಲೆ ನೋಡೋಣ ಎಂದರೆ ಪೋರ್ಟಲ್‌ನಲ್ಲಿ ಮತ್ತೊಂದು ಅರ್ಜಿ, ಮತ್ತೊಂದು ಮಂಜೂರಾತಿಯ ದಾರಿ ಕಾಯಬೇಕು.

ಸರ್ಟಿಫಿಕೇಟ್, ಯುಡಿಐಡಿ ಎರಡಕ್ಕೂ ಅರ್ಜಿ ತುಂಬುವುದು ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ. ಇದು ಕಡ್ಡಾಯವಾಗಿದ್ದು 2021ರ ಜೂನ್ 1ರಿಂದ. ಆಧಾರ್, ಫೋಟೋ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ಪುರಾವೆ ಇದ್ದರೆ ಸಾಕು. ಫೋಟೋ ಮತ್ತು ಸಹಿಯ ಫೈಲಿಗೆ ಕೆಬಿ ಮಿತಿ ಬಹಳ ಕಡಿಮೆ. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಕುಗ್ಗಿಸದೆ ಹಾಕಿದರೆ ತೆಗೆದುಕೊಳ್ಳುವುದೇ ಇಲ್ಲ. ಸೈಬರ್ ಅಂಗಡಿಯಲ್ಲಿ ತುಂಬಿಸುವುದಾದರೆ ಮೊಬೈಲ್ ನಂಬರ್ ನಿಮ್ಮದೇ ಇರಲಿ. ಅಂಗಡಿಯವನ ನಂಬರ್ ಹಾಕಿದರೆ ಮುಂದೆ ಎಲ್ಲ ಓಟಿಪಿಯೂ ಅವನಿಗೇ ಹೋಗುತ್ತದೆ, ಅವನು ಅಂಗಡಿ ಮುಚ್ಚಿಕೊಂಡು ಹೋದನೆಂದರೆ ಮುಗಿಯಿತು. ಎನ್‌ರೋಲ್‌ಮೆಂಟ್ ನಂಬರನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಅದರ ಫೋಟೋವನ್ನೂ ತೆಗೆದಿಡಿ. ಅರ್ಜಿ ಎಲ್ಲಿಗೆ ಬಂತು ಎಂದು ನೋಡಲು ಅದು ಬೇಕೇ ಬೇಕು.

ಆಧಾರ್ ವಿಳಾಸ ಊರಿನದು, ಇರುವುದು ಪುಣೆಯಲ್ಲಿ ಎಂಬವರಿಗೆ ಆಸ್ಪತ್ರೆ ಆರಿಸುವ ಜಾಗದಲ್ಲೇ ಗೊಂದಲ. ನಿಯಮದಲ್ಲಿ ಎರಡು ದಾರಿ ಇವೆ: ವಿಳಾಸದ ಪುರಾವೆಯಲ್ಲಿರುವ ಜಿಲ್ಲೆಯ ವೈದ್ಯಾಧಿಕಾರಿ, ಇಲ್ಲವೇ ಆ ಅಂಗವೈಕಲ್ಯಕ್ಕೆ ಚಿಕಿತ್ಸೆ ನಡೆದ ಸರ್ಕಾರಿ ಆಸ್ಪತ್ರೆ. ಎರಡನೆಯ ದಾರಿ ನಮ್ಮಂಥವರಿಗೇ ಇದ್ದಂತಿದೆ. ಅದಕ್ಕೆ ಬೇಕಾದದ್ದು ಕೇಸ್ ಪೇಪರ್, ಅಂದರೆ ಆಸ್ಪತ್ರೆಯಲ್ಲಿ ತೋರಿಸಿದಾಗ ಕೊಡುವ ಚೀಟಿ. ಸಸೂನ್‌ನಲ್ಲೋ ಔಂಧ್ ಜಿಲ್ಲಾ ಆಸ್ಪತ್ರೆಯಲ್ಲೋ ಪಿಂಪ್ರಿಯ ವೈಸಿಎಂ ಆಸ್ಪತ್ರೆಯಲ್ಲೋ ತೋರಿಸಿದ ಹಳೆಯ ಕೇಸ್ ಪೇಪರುಗಳನ್ನು ಮಳೆಗಾಲದಲ್ಲಿ ತೋಯಲು ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟವರ ಕೆಲಸ ಬೇಗ ಆಗುತ್ತದೆ. ಮುಂಬಯಿಯಲ್ಲಾದರೆ ಜೆಜೆ, ಕೆಇಎಂ, ಸಾಯನ್, ನಾಯರ್, ಕೂಪರ್ ಇವೆ. ಕೈಕಾಲಿನ ತೊಂದರೆಗೆ ಹಾಜಿ ಅಲಿಯ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ (1955ರಿಂದ ಇದೆ), ಕಿವಿಗೆ ಬಾಂದ್ರಾ ರಿಕ್ಲಮೇಶನ್‌ನ ಅಲಿ ಯಾವರ್ ಜಂಗ್ ಸಂಸ್ಥೆ (1983) ನನ್ನ ಮೊದಲ ಆಯ್ಕೆ. ತಪಾಸಣೆ, ಥೆರಪಿ, ಸಾಧನ ಒಂದೇ ಆವರಣದಲ್ಲಿ ಸಿಗುತ್ತವೆ. ಕಣ್ಣು, ಕಿವಿ, ಮೂಳೆ, ಮಾನಸಿಕ ವಿಭಾಗಗಳಿಗೆ ಶೇಕಡಾವಾರು ಅಳೆಯುವ ವೈದ್ಯರ ಬೋರ್ಡ್ ಕೂರುವ ದಿನ ಬೇರೆ ಬೇರೆ ಇರಬಹುದು. ಹಿಂದಿನ ದಿನ ಕಿಟಕಿಯಲ್ಲಿ ಕೇಳಿಕೊಂಡು ಹೋದರೆ ಒಂದು ದಿನದ ಪಗಾರ ಉಳಿಯುತ್ತದೆ.

ಬೋರ್ಡಿನ ಮುಂದೆ ಹೋದಮೇಲೆ ವಾಪಸ್ ಕಳಿಸುವ ಕಾರಣಗಳು ಸಾಮಾನ್ಯವಾಗಿ ಇವೇ. ಲಕ್ವಾ ಹೊಡೆದ ಎರಡನೇ ತಿಂಗಳಿಗೇ ಕರೆದೊಯ್ಯುತ್ತಾರೆ. ಆರು ತಿಂಗಳು ಆಗದೆ ಅಂಗವೈಕಲ್ಯದ ಶೇಕಡಾವಾರು ಅಳೆಯುವುದಿಲ್ಲ, ಯಾಕೆಂದರೆ ಆ ಅವಧಿಯಲ್ಲಿ ಕೈಕಾಲಿನ ಶಕ್ತಿ ಇನ್ನೂ ಮರಳಬಹುದು. ಒಂದು ಕಿವಿ ಮಾತ್ರ ಕೇಳದವರಿಗೆ ಕಾಯ್ದೆಯ ಅರ್ಹತೆ ಸಿಗದು. ಎರಡೂ ಕಿವಿಯಲ್ಲಿ 60 ಡೆಸಿಬಲ್ ಅಥವಾ ಹೆಚ್ಚಿನ ನಷ್ಟ ಇರಬೇಕು. ಸಣ್ಣ ಮಕ್ಕಳಿಗೆ ಆಡಿಯೋಮೆಟ್ರಿ (ಶಬ್ದ ಕೇಳಿಸಿ ಉತ್ತರ ಪಡೆಯುವ ತಪಾಸಣೆ) ಸಾಲದು, ಶಬ್ದಕ್ಕೆ ಮಿದುಳಿನ ಸ್ಪಂದನ ಅಳೆಯುವ ಬೆರಾ ತಪಾಸಣೆಯ ವರದಿ ಕೇಳುತ್ತಾರೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿ ಇದ್ದರೆ ಸಿಗುವುದು ಶೇ. 30. ಕಲಿಕೆಯ ತೊಂದರೆಗೆ ಮಗುವಿಗೆ ಎಂಟು ವರ್ಷ ತುಂಬಿರಬೇಕು, 14ಕ್ಕೂ 18ಕ್ಕೂ ಮತ್ತೆ ತಪಾಸಣೆ ಆಗಬೇಕು.

ಎರಡು ಬಗೆಯ ತೊಂದರೆ ಇದ್ದವರು ಲೆಕ್ಕದಲ್ಲಿ ಮೋಸ ಹೋದೆವೆಂದು ಸಿಟ್ಟಾಗುತ್ತಾರೆ. ಕಾಲಿಗೆ 50, ಕಿವಿಗೆ 30, ಒಟ್ಟು 80 ಆಗಬೇಕಲ್ಲ ಎಂದು. ಹಾಗೆ ಕೂಡಿಸುವುದಿಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸುತ್ತಾರೆ. 90ರಲ್ಲಿ 50 ಹೋದರೆ 40. 40ನ್ನು 30ರಿಂದ ಗುಣಿಸಿದರೆ 1200. 90ರಿಂದ ಭಾಗಿಸಿದರೆ 13.3. ಒಟ್ಟು ಶೇ. 63ರ ಆಸುಪಾಸು. ಅರ್ಜಿಯಲ್ಲಿ ಎರಡೂ ಬಗೆಯನ್ನು ಗುರುತು ಮಾಡದಿದ್ದರೆ ಆ 13 ಕೂಡ ಬರುವುದಿಲ್ಲ, ಅದನ್ನು ಮರೆಯುವವರು ಬಹಳ. ಕಾರ್ಡಿನ ಬಣ್ಣ ಈ ಅಂಕಿಯ ಮೇಲೇ: 40ಕ್ಕಿಂತ ಕೆಳಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ 59ನೇ ಕಲಂ ಕೆಳಗೆ ಮೇಲ್ಮನವಿ ಹಾಕಬಹುದು. ವಾದ ಮಾಡುವುದಕ್ಕಿಂತ ಹೊಸ ವರದಿಯೊಂದನ್ನು ಜೋಡಿಸಿ ಹಾಕುವುದೇ ಫಲ ಕೊಡುತ್ತದೆ.

ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಅಷ್ಟರೊಳಗೆ ಬಾಡಿಗೆ ಖೋಲಿ ಬದಲಾಗಿರುತ್ತದೆ, ಲಕೋಟೆ ವಾಪಸ್. ಅದಕ್ಕಾಗಿ ಕಾಯಬೇಡಿ. ಮಂಜೂರಾದ ಕೂಡಲೇ ಪೋರ್ಟಲ್‌ನಿಂದ ಇ-ಕಾರ್ಡ್, ಸರ್ಟಿಫಿಕೇಟ್ ಎರಡನ್ನೂ ಇಳಿಸಿಕೊಂಡು ಇಟ್ಟುಕೊಳ್ಳಿ. ಮಕ್ಕಳಿಗೆ ಹಲವು ಸಲ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ. ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಇನ್ನು ರೈಲು. ಇಲ್ಲಿ ಶೇಕಡಾವಾರು ಕೆಲಸಕ್ಕೆ ಬರುವುದಿಲ್ಲ, ಇದನ್ನು ಎಷ್ಟು ಹೇಳಿದರೂ ಜನ ನಂಬುವುದಿಲ್ಲ. ರೈಲ್ವೆಗೆ ಅದರದೇ ನಮೂನೆಯ ರಿಯಾಯಿತಿ ಪತ್ರ ಬೇಕು. ಕೈಕಾಲಿನ ತೊಂದರೆಯವರಾದರೆ ‘ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾರರು’ ಎಂದು ಸರ್ಕಾರಿ ವೈದ್ಯರು ಅದರಲ್ಲಿ ಬರೆಯಬೇಕು. ಬೌದ್ಧಿಕ ಅಂಗವೈಕಲ್ಯಕ್ಕೂ ಇದೇ ಷರತ್ತು. ದೃಷ್ಟಿ ಪೂರ್ತಿ ಇಲ್ಲದವರಿಗೆ ಸಿಗುತ್ತದೆ, ಮಂದದೃಷ್ಟಿಯವರ ಕೈಯಲ್ಲಿ ಹಳದಿ ಕಾರ್ಡ್ ಇದ್ದರೂ ಸಿಗುವುದಿಲ್ಲ. ಕೈಕಾಲು, ಬೌದ್ಧಿಕ, ಪೂರ್ತಿ ಅಂಧತ್ವ ಈ ಮೂರು ಬಗೆಯವರಿಗೆ ಸೆಕೆಂಡ್, ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇ. 75, ಸೆಕೆಂಡ್ ಎಸಿಯಲ್ಲಿ ಶೇ. 50 ರಿಯಾಯಿತಿ, ಜೊತೆಗಾರ ಒಬ್ಬರಿಗೂ ಅಷ್ಟೇ. ರಾಜಧಾನಿ, ಶತಾಬ್ದಿಯ ಲೆಕ್ಕ ಬೇರೆ. ಮಾತು, ಶ್ರವಣ ಎರಡೂ ಇಲ್ಲದವರಿಗೆ ಸೆಕೆಂಡ್ ಮತ್ತು ಸ್ಲೀಪರ್‌ನಲ್ಲಿ ಶೇ. 50. ಲೋಕಲ್‌ನ ತಿಂಗಳ ಪಾಸಿಗೂ ಅರ್ಧ ದರ. ಕಾಯಂ ಅಂಗವೈಕಲ್ಯವಾದರೆ ಪತ್ರದ ಆಯುಷ್ಯ ವಯಸ್ಸಿನ ಮೇಲೆ: 25ರವರೆಗೆ ಐದು ವರ್ಷ, 26ರಿಂದ 35ಕ್ಕೆ ಹತ್ತು ವರ್ಷ, ಅದರ ಮೇಲೆ ಜೀವನಪೂರ್ತಿ.

ಆ ಪತ್ರವನ್ನು ರೈಲ್ವೆಯ ದಿವ್ಯಾಂಗಜನ ಪೋರ್ಟಲ್‌ಗೆ ಹಾಕಿ ಕಾರ್ಡ್ ಮಾಡಿಸಿಕೊಂಡರೆ ಊರಿನ ಟಿಕೆಟನ್ನು ಮೊಬೈಲಿನಲ್ಲೇ ತೆಗೆಯಬಹುದು. ಹತ್ತಿರದ ಸ್ಟೇಷನ್ ಎಂಬಲ್ಲಿ ಅಭ್ಯಾಸಬಲದಿಂದ ಕಲಬುರಗಿ ಎಂದು ಹಾಕಬೇಡಿ. ಅದು ಸೋಲಾಪುರ ಡಿವಿಷನ್, ಪರಿಶೀಲನೆಗೆ ಕರೆದರೆ ಅಲ್ಲಿಗೆ ಓಡಬೇಕಾಗುತ್ತದೆ. ವಾಸ ಪುಣೆಯಾದರೆ ಪುಣೆಯನ್ನೇ ಹಾಕಿ.

ರಾಜ್ಯದ ಹಣದ ವಿಷಯ ಚಿಕ್ಕದು, ಕಹಿ. ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿ 2025ರ ಅಕ್ಟೋಬರ್‌ನಿಂದ ಅಂಗವಿಕಲರಿಗೆ ತಿಂಗಳಿಗೆ 2,500 ರೂಪಾಯಿ. ಆದರೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದ ದಾಖಲೆ ಬೇಕು, ಕುಟುಂಬದ ವರಮಾನದ ದಾಖಲೆಯೂ ಬೇಕು. ಅರ್ಜಿ ತಹಸೀಲ್ದಾರ್ ಕಚೇರಿಗೆ ಹೋಗುತ್ತದೆ. ಸೈಟಿನಿಂದ ಸೈಟಿಗೆ ಹೋಗುವ ಕೂಲಿಯವರ ಬಳಿ 15 ವರ್ಷದ ಕಾಗದ ಎಲ್ಲಿಂದ ಬರಬೇಕು? ಮಕ್ಕಳ ಶಾಲೆಯ ದಾಖಲೆ, ಇಲ್ಲಿನ ರೇಷನ್ ಕಾರ್ಡ್, ಮತದಾರರ ಪಟ್ಟಿ, ಹಳೆಯ ಲೈಟ್ ಬಿಲ್ಲು, ಯಾವುದೂ ಸಣ್ಣದಲ್ಲ, ಎಲ್ಲವನ್ನೂ ವರ್ಷದ ಕ್ರಮದಲ್ಲಿ ಜೋಡಿಸುತ್ತೇನೆ. 15 ವರ್ಷ ತುಂಬದವರಿಗೆ ನಾನು ಹೇಳುವುದು, ಕರ್ನಾಟಕದ ಮಾಸಾಶನ ಬರುತ್ತಿದ್ದರೆ ಅದನ್ನು ಕೈಬಿಡಬೇಡಿ, ಊರಿನಲ್ಲಿ ಪರಿಶೀಲನೆ ಇದ್ದಾಗ ಖುದ್ದು ಹೋಗಿ ಬನ್ನಿ. ಎರಡೂ ಕಡೆ ತೆಗೆದುಕೊಳ್ಳುವ ಯೋಚನೆ ಬೇಡ, ಆಧಾರ್‌ನಲ್ಲಿ ಸಿಕ್ಕಿಬೀಳುತ್ತದೆ. ಪುಣೆ ಮಹಾನಗರಪಾಲಿಕೆಯ ಹದ್ದಿನಲ್ಲಿ ಇರುವವರಿಗೆ ಪಿಎಂಪಿಎಂಎಲ್ (ನಗರ ಸಾರಿಗೆ) ಬಸ್ಸಿನ ಉಚಿತ ಪಾಸ್ ಇದೆ, ಮಹಾರಾಷ್ಟ್ರ ರಾಜ್ಯ ಸಾರಿಗೆಯ ಎಸ್‌ಟಿ ಬಸ್ಸಿನಲ್ಲಿ ಶೇ. 75 ರಿಯಾಯಿತಿ.

ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರ ಕೊಡುವ ಕೇಂದ್ರದ ಎಡಿಪ್ ಯೋಜನೆಗೆ ವಾಸದ ವರ್ಷಗಳ ಲೆಕ್ಕವಿಲ್ಲ. ತಿಂಗಳ ವರಮಾನ 22,500ರವರೆಗೆ ಪೂರ್ತಿ ಉಚಿತ, 30,000ದವರೆಗೆ ಅರ್ಧ. ವರಮಾನದ ಪತ್ರವನ್ನು ನಗರಸೇವಕರೂ (ಕಾರ್ಪೊರೇಟರ್) ಕೊಡಬಹುದು. ಶಿಬಿರ ಎರಡು ಸಲ ನಡೆಯುತ್ತದೆ, ಮೊದಲನೆಯದು ಅಳತೆಗೆ, ಎರಡನೆಯದು ಹಂಚಿಕೆಗೆ. ನಡುವೆ ತಿಂಗಳುಗಳು ಹೋಗುತ್ತವೆ, ಆ ಹೊತ್ತಿಗೆ ಸಿಮ್ ಬದಲಾಗಿರುತ್ತದೆ. ಒಮ್ಮೆ ಪಡೆದ ಸಾಧನವನ್ನು ಮೂರು ವರ್ಷ ಮತ್ತೆ ಕೊಡುವುದಿಲ್ಲ, 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ. ಆದ್ದರಿಂದ ಅಳತೆಯ ದಿನವೇ ಎಚ್ಚರ ಬೇಕು. ಮಾಮೂಲಿ ಮಡಚುವ ಗಾಲಿಕುರ್ಚಿ 25ರಿಂದ 26 ಇಂಚು ಅಗಲ. ಚಾಳಿನ ಮನೆಬಾಗಿಲು, ಪಾಯಖಾನೆಯ ಬಾಗಿಲನ್ನು ಟೇಪ್ ಹಿಡಿದು ಅಳೆದುಕೊಂಡೇ ಶಿಬಿರಕ್ಕೆ ಹೋಗಿ. ಕಂಕುಳ ಊರುಗೋಲಾದರೆ ನೆಟ್ಟಗೆ ನಿಂತಾಗ ಕಂಕುಳಿಗೂ ಮೇಲ್ಭಾಗದ ದಿಂಬಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು, ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಭಾರ ಬೀಳಬೇಕಾದದ್ದು ಅಂಗೈ ಮೇಲೆ. ಕಂಕುಳ ಮೇಲೆ ಭಾರ ಹಾಕಿ ನಡೆದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಸೇರುವ ಮುನ್ನ ವೈದ್ಯಕೀಯ ತಪಾಸಣೆ ಇಲ್ಲ, ಥೆರಪಿಯ ಖರ್ಚೂ ಸೇರುತ್ತದೆ. ಆದರೆ ಹಣ ಮೊದಲು ನಾವೇ ಕಟ್ಟಿ ಆಮೇಲೆ ಪಡೆಯಬೇಕು. ಥೆರಪಿಸ್ಟ್ ಬಿಳಿ ಚೀಟಿಯಲ್ಲಿ ಬರೆದುಕೊಟ್ಟ ರಸೀದಿ ನಡೆಯುವುದಿಲ್ಲ, ನೋಂದಣಿ ಸಂಖ್ಯೆ, ಮೊಹರು, ತಾರೀಖು ಇರಬೇಕು. ವಿಮೆಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಣವನ್ನು ಫೆಬ್ರವರಿಯಲ್ಲೇ ಮಾಡಿಸಿ.

ಇದೇ ಮಕ್ಕಳಿಗೆ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ಇದು ಬ್ಯಾಂಕಿನಲ್ಲಿ ಖಾತೆ ತಡೆದಾಗಲೇ ಹೆಚ್ಚಿನವರಿಗೆ ಗೊತ್ತಾಗುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಫಾರಂ ಎ ಕೊಟ್ಟು ಪಾಲಕತ್ವ ಪಡೆಯಬೇಕು, ಕೋರ್ಟಿಗೆ ಹೋಗಬೇಕಿಲ್ಲ. ಮುಂಬಯಿಯಲ್ಲಿ ಶಹರಕ್ಕೆ ಒಬ್ಬರು, ಉಪನಗರಕ್ಕೆ ಒಬ್ಬರು ಹೀಗೆ ಜಿಲ್ಲಾಧಿಕಾರಿಗಳು ಇಬ್ಬರು. ಉಪನಗರದ ಕಚೇರಿ ಬಾಂದ್ರಾದಲ್ಲಿದೆ. ಸಾಯನ್‌ವರೆಗಿನವರು ಶಹರ ಜಿಲ್ಲೆ, ಕುರ್ಲಾ, ಘಾಟ್ಕೋಪರದವರು ಉಪನಗರ. ಡೊಂಬಿವಲಿಯವರು ಠಾಣೆಗೆ ಹೋಗಬೇಕು.