ಫ್ಲೋಟೇಶನ್ ಸೆಲ್ ಆರಿಸುವಾಗ: ಗಾತ್ರದ ಲೆಕ್ಕ, ನೊರೆಯ ಲೆಕ್ಕ

ಅದಿರು ಸಂಸ್ಕರಣಾ ಘಟಕಕ್ಕೆ ಫ್ಲೋಟೇಶನ್ ಸೆಲ್, ಅಂದರೆ ಗಾಳಿಗುಳ್ಳೆಗೆ ಅಂಟಿಸಿ ಖನಿಜವನ್ನು ತೇಲಿಸಿ ತೆಗೆಯುವ ತೊಟ್ಟಿ, ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಘನ ಮೀಟರ್ ಬೇಕು ಎಂದು. ಕೇಳಬೇಕಾದ ಪ್ರಶ್ನೆಯೇ, ಆದರೆ ಅದರಿಂದ ಅರ್ಧ ಕೆಲಸವಷ್ಟೇ ಆಗುತ್ತದೆ. ಸ್ಲರಿಯಲ್ಲಿ (ಅದಿರಿನ ಪುಡಿ ಬೆರೆತ ನೀರಿನಲ್ಲಿ) ಖನಿಜದ ಕಣ ಗುಳ್ಳೆಗೆ ಅಂಟುತ್ತದೆ, ನಿಜ. ಹೊರಗೆ ಬರಬೇಕಾದರೆ ಅದು ಮೇಲಿನ ನೊರೆಯಲ್ಲಿ ಹಾಯ್ದು ಅಂಚು ದಾಟಬೇಕು. ಗಾತ್ರ ಸರಿಯಾಗಿದ್ದು ನೊರೆಯ ಮೇಲ್ಮೈಯೋ ಅಂಚಿನ ಉದ್ದವೋ ತಪ್ಪಿದರೆ, ಅಂಟಿದ ಖನಿಜ ಮತ್ತೆ ಕೆಳಗೆ ಉದುರಿ ಟೇಲಿಂಗ್, ಅಂದರೆ ಹೊರಬಿಡುವ ತ್ಯಾಜ್ಯದ ಪಾಲಾಗುತ್ತದೆ. ಎರಡೂ ಲೆಕ್ಕ ಮುಗಿಸಿದ ಮೇಲೆಯೇ ಕ್ಯಾಟಲಾಗ್ ತೆರೆಯಿರಿ.

ಮೊದಲು ಅದಿರಿನ ಪರೀಕ್ಷೆ

ಲ್ಯಾಬ್ ಸೆಲ್‌ನಲ್ಲಿ ಕೈನೆಟಿಕ್ಸ್ (ತೇಲುವ ವೇಗದ) ಪರೀಕ್ಷೆ ಮಾಡಿಸಿ: 0.5, 1, 2, 4, 8, 16 ನಿಮಿಷಗಳವರೆಗಿನ ನೊರೆಯನ್ನು ಬೇರೆ ಬೇರೆ ತಟ್ಟೆಗಳಲ್ಲಿ ತೆಗೆದು ತೂಕ, ಗ್ರೇಡ್ (ಅದರಲ್ಲಿರುವ ಲೋಹದ ಪ್ರಮಾಣ) ಎರಡನ್ನೂ ನೋಡಿ. ರಿಕವರಿ, ಅಂದರೆ ಅದಿರಿನ ಖನಿಜದಲ್ಲಿ ನೊರೆಗೆ ಬಂದ ಪಾಲಿನ ರೇಖೆ, ಎಲ್ಲಿ ಚಪ್ಪಟೆಯಾಗುತ್ತದೋ ಅದೇ ಲ್ಯಾಬ್ ಸಮಯ. ಪರೀಕ್ಷೆಗೆ ಘಟಕದಲ್ಲಿ ಮರುಬಳಕೆಯಾಗುವ ನೀರನ್ನೇ ಬಳಸಿ. ನಲ್ಲಿ ನೀರಿನಲ್ಲಿ ಚೆನ್ನಾಗಿ ತೇಲಿದ ಅದಿರು, ಉಳಿಕೆ ರಿಯೇಜೆಂಟ್ (ತೇಲಿಸಲು ಹಾಕುವ ರಾಸಾಯನಿಕ) ಮತ್ತು ಲವಣ ತುಂಬಿದ ನೀರಿನಲ್ಲಿ ಬೇರೆಯೇ ರೀತಿ ವರ್ತಿಸುತ್ತದೆ. ಗಣಿಯ ಮೇಲ್ಪದರದ ಆಕ್ಸಿಡೀಕೃತ ಅದಿರು, ಆಳದ ಅದಿರು ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ. ಎಲ್ಲವನ್ನೂ ಒಂದೇ ಮಾದರಿಯಾಗಿ ಬೆರೆಸಿದರೆ ನಿಧಾನವಾಗಿ ತೇಲುವ ಅದಿರು ಸರಾಸರಿಯಲ್ಲಿ ಮರೆಯಾಗುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ಟೇಲಿಂಗ್‌ನ ಕಣಗಾತ್ರವಾರು ವಿಶ್ಲೇಷಣೆ. ಸಲ್ಫೈಡ್ ಖನಿಜಗಳು ಸಾಮಾನ್ಯವಾಗಿ 10ರಿಂದ 150 ಮೈಕ್ರಾನ್ ನಡುವೆ ಚೆನ್ನಾಗಿ ತೇಲುತ್ತವೆ. ಅದಕ್ಕಿಂತ ದಪ್ಪ ಕಣಗಳು ಇಂಪೆಲ್ಲರ್ (ಸ್ಲರಿ ಕಲಕುವ ಚಕ್ರ) ಎಬ್ಬಿಸುವ ಸುಳಿಯಲ್ಲಿ ಗುಳ್ಳೆಯಿಂದ ಕಳಚಿಕೊಳ್ಳುತ್ತವೆ. ಅದಕ್ಕಿಂತ ನಯವಾದವು ನೀರಿನ ಹರಿವಿನ ಜೊತೆ ಗುಳ್ಳೆಯ ಪಕ್ಕದಿಂದ ಜಾರಿ ಹೋಗುತ್ತವೆ, ಡಿಕ್ಕಿಯೇ ಆಗುವುದಿಲ್ಲ. ನಷ್ಟ ಯಾವ ತುದಿಯಲ್ಲಿ ಆಗುತ್ತಿದೆ ಎಂದು ತಿಳಿಯದೆ ಯಂತ್ರದ ಬಗೆಯನ್ನು ಆರಿಸಲಾಗದು.

ಗಾತ್ರ ಮತ್ತು ಸೆಲ್‌ಗಳ ಸಂಖ್ಯೆ

ಒಂದು ತಾಮ್ರದ ರಫರ್ ಸಾಲನ್ನು, ಅಂದರೆ ಮೊದಲ ಹಂತದ ಸೆಲ್‌ಗಳ ಸಾಲನ್ನು, ಉದಾಹರಣೆಗೆ ತೆಗೆದುಕೊಳ್ಳೋಣ. ಗಂಟೆಗೆ 500 ಟನ್ ಒಣ ಅದಿರು, ಸಾಂದ್ರತೆ 2.8, ಸ್ಲರಿಯಲ್ಲಿ ಘನಾಂಶ ತೂಕದಲ್ಲಿ 35%. ಘನದ ಪಾಲು 500 ÷ 2.8 = 178.6 ಘನ ಮೀಟರ್. ನೀರು 500 × 65 ÷ 35 = 928.6 ಘನ ಮೀಟರ್. ಒಟ್ಟು ಗಂಟೆಗೆ 1107, ಅಂದರೆ ನಿಮಿಷಕ್ಕೆ 18.45 ಘನ ಮೀಟರ್.

ಲ್ಯಾಬ್ ಸಮಯ 7 ನಿಮಿಷ ಬಂದಿದೆ ಎನ್ನೋಣ. ಯಾಂತ್ರಿಕ ಸೆಲ್‌ಗಳಿಗೆ ಇದನ್ನು 2ರಿಂದ 2.5 ಪಟ್ಟು ಹೆಚ್ಚಿಸುವುದು ರೂಢಿ. 2.2 ಹಿಡಿದರೆ 15.4 ನಿಮಿಷ. 18.45 × 15.4 = 284 ಘನ ಮೀಟರ್. ಸೆಲ್‌ನ ಸುಮಾರು 15% ಜಾಗವನ್ನು ಗಾಳಿಯೇ ಆಕ್ರಮಿಸಿಕೊಂಡಿರುತ್ತದೆ, 0.85ರಿಂದ ಭಾಗಿಸಿದರೆ 334. ಗ್ರೈಂಡಿಂಗ್ ವಿಭಾಗದ ಏರಿಳಿತಕ್ಕೆಂದು ಹರಿವಿನಲ್ಲಿ 15% ಸೇರಿಸಿದರೆ 384. ಅಲ್ಲಿಗೆ 50 ಘನ ಮೀಟರ್‌ನ 8 ಸೆಲ್‌ಗಳು.

200 ಘನ ಮೀಟರ್‌ನ ಎರಡೇ ಸೆಲ್ ಇಟ್ಟರೆ ಅಗ್ಗವಲ್ಲವೇ? ಮೋಟರ್ ಕಡಿಮೆ, ಕವಾಟ ಕಡಿಮೆ, ನೆಲದ ಜಾಗವೂ ಕಡಿಮೆ. ಕೆಟ್ಟುಹೋಗುವುದು ರಿಕವರಿ. ಚೆನ್ನಾಗಿ ಕಲಕುವ ಸೆಲ್‌ಗೆ ಬಂದ ಸ್ಲರಿಯ ಒಂದು ಭಾಗ ಕೂಡಲೇ ಹೊರಬೀಳುವ ದಾರಿಗೆ ಸಿಕ್ಕಿಬಿಡುತ್ತದೆ. ಖನಿಜ ತೇಲುವ ದರ ನಿಮಿಷಕ್ಕೆ 0.26 ಎಂದಿಟ್ಟುಕೊಂಡರೆ, ಅದೇ 15.4 ನಿಮಿಷವನ್ನು ಒಂದೇ ಸೆಲ್‌ನಲ್ಲಿ ಕಳೆದಾಗ ರಿಕವರಿ 80%, ಎರಡು ಸೆಲ್‌ಗಳಲ್ಲಿ 89%, ನಾಲ್ಕರಲ್ಲಿ 94%, ಎಂಟರಲ್ಲಿ 96%. ಮೊದಲ ಕೆಲವು ಸೆಲ್‌ಗಳ ಲಾಭ ದೊಡ್ಡದು, ಆಮೇಲೆ ಕ್ಷೀಣಿಸುತ್ತದೆ. ಟ್ಯಾಂಕ್ ಸೆಲ್‌ಗಳ ರಫರ್ ಸಾಲಿಗೆ 6ರಿಂದ 8 ಸರಿಯಾದ ಸಂಖ್ಯೆ. ನಾಲ್ಕಕ್ಕಿಂತ ಕೆಳಗಿಳಿಯುವುದನ್ನು ಒಪ್ಪಲೇಬೇಡಿ.

ನೊರೆಯ ಲೆಕ್ಕ

ಟೆಂಡರ್ ದಾಖಲೆಗಳಲ್ಲಿ ಇದಕ್ಕೆ ಒಂದು ಸಾಲೂ ಇರುವುದಿಲ್ಲ, ಆದರೆ ಘಟಕ ಓಡಲು ಶುರುವಾದ ಮೇಲೆ ಕಾಡುವುದು ಇದೇ. ನೋಡಬೇಕಾದ ಅಂಕಿಗಳು ಎರಡು. ಮೊದಲನೆಯದು ನೊರೆಯ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ಗಂಟೆಗೆ ದಾಟುವ ಘನದ ತೂಕ: ರಫರ್‌ಗೆ 0.8ರಿಂದ 1.5 ಟನ್, ಸ್ಕ್ಯಾವೆಂಜರ್‌ಗೆ (ಟೇಲಿಂಗ್‌ನಲ್ಲಿ ಉಳಿದದ್ದನ್ನು ಹಿಡಿಯುವ ಸೆಲ್‌ಗೆ) 0.3ರಿಂದ 0.8, ಕ್ಲೀನರ್‌ಗೆ (ಬಂದ ನೊರೆಯನ್ನು ಮತ್ತೆ ಶುದ್ಧಗೊಳಿಸುವ ಸೆಲ್‌ಗೆ) 1ರಿಂದ 2. ಎರಡನೆಯದು ಅಂಚಿನ ಪ್ರತಿ ಮೀಟರ್‌ಗೆ ಗಂಟೆಗೆ ದಾಟುವ ತೂಕ, ಅದು 1.5 ಟನ್ ಮೀರಬಾರದು.

ನಮ್ಮ ಉದಾಹರಣೆಯಲ್ಲಿ ಫೀಡ್‌ನ (ಒಳಬರುವ ಅದಿರಿನ) 8%, ಅಂದರೆ ಗಂಟೆಗೆ 40 ಟನ್ ನೊರೆಯಲ್ಲಿ ಬರಲಿ. ಖನಿಜ ತೇಲುವ 0.26ರ ದರದಲ್ಲಿ ಮೊದಲ ಸೆಲ್ ಒಂದೇ ಸುಮಾರು ಮೂರನೇ ಒಂದು ಪಾಲನ್ನು, 13.5 ಟನ್‌ನಷ್ಟನ್ನು ಎಳೆಯುತ್ತದೆ. ಸೆಲ್‌ನ ವ್ಯಾಸ 4.4 ಮೀಟರ್ ಇದ್ದು ಲಾಂಡರ್ (ನೊರೆ ಬೀಳುವ ಕಾಲುವೆ) ಹೊರಸುತ್ತಿನಲ್ಲಿದ್ದರೆ ಮೇಲ್ಮೈ 15.2 ಚದರ ಮೀಟರ್, ಪ್ರತಿ ಚದರ ಮೀಟರ್‌ನ ಹೊರೆ 0.89, ಅಂಚು 13.8 ಮೀಟರ್, ಪ್ರತಿ ಮೀಟರ್‌ನ ಹೊರೆ 1ರ ಆಸುಪಾಸು. ನೆಮ್ಮದಿ. ಅದೇ ಸೆಲ್‌ಗೆ ಒಳಲಾಂಡರ್ ಹಾಕಿ 5 ಚದರ ಮೀಟರ್ ಕಳೆದುಕೊಂಡರೆ ಹೊರೆ 1.3 ದಾಟುತ್ತದೆ. ಅದಿರಿನ ಗ್ರೇಡ್ ಏರಿ ಎಳೆತ ಒಂದೂವರೆ ಪಟ್ಟಾದ ದಿನ 2ರ ಹತ್ತಿರಕ್ಕೆ ಹೋಗುತ್ತದೆ. ಆಗ ನೊರೆ ಗಟ್ಟಿಯಾಗಿ ನಿಂತುಬಿಡುತ್ತದೆ, ಹರಿಯುವುದಿಲ್ಲ.

ಎಂಟನೆಯ ಸೆಲ್‌ನ ಪಾಡು ಇದಕ್ಕೆ ತದ್ವಿರುದ್ಧ. ಅಲ್ಲಿ ಉಳಿಯುವುದು ಗಂಟೆಗೆ 0.8 ಟನ್, 15 ಚದರ ಮೀಟರ್‌ಗೆ ಹರಡಿದರೆ 0.05. ಗುಳ್ಳೆಗೆ ಕವಚವಾಗಿ ಕೂರುವಷ್ಟು ಖನಿಜವಿಲ್ಲದೆ ನೊರೆ ನೀರಾಗಿ, ನಡುವಿನಿಂದ ಅಂಚಿಗೆ ಬರುವ ಮೊದಲೇ ಒಡೆಯುತ್ತದೆ. ಅಲ್ಲಿ ಬೇಕಾದದ್ದು ನೊರೆಯನ್ನು ಅಂಚಿನತ್ತ ತಳ್ಳುವ, ಮಧ್ಯದಲ್ಲಿ ಶಂಕುವಿನಾಕಾರದ ದೊಡ್ಡ ಕ್ರೌಡರ್, ಅಥವಾ ನೊರೆ ಸಾಗಬೇಕಾದ ದೂರವನ್ನು ತಗ್ಗಿಸುವ ಒಳಲಾಂಡರ್. ಮೊದಲ ಸೆಲ್‌ಗೆ ಕೆಡುಕಾದದ್ದೇ ಕೊನೆಯದಕ್ಕೆ ಮದ್ದು. ಎಂಟೂ ಸೆಲ್‌ಗಳಿಗೆ ಒಂದೇ ಲಾಂಡರ್ ವಿನ್ಯಾಸ ತೋರಿಸುವ ಡ್ರಾಯಿಂಗ್ ಬಂದರೆ ವಾಪಸ್ ಕಳಿಸಿ.

ಗಾಳಿ

ಸ್ವಯಂ ಗಾಳಿ ಎಳೆಯುವ ಸೆಲ್‌ಗೆ ಬ್ಲೋಯರ್ ಬೇಡ, ಪೈಪಿನ ಗೋಜಿಲ್ಲ. ಆದರೆ ಗಾಳಿಯ ಪ್ರಮಾಣ ಇಂಪೆಲ್ಲರ್ ವೇಗಕ್ಕೂ ಸ್ಲರಿಯ ಮಟ್ಟಕ್ಕೂ ಕಟ್ಟುಬಿದ್ದಿರುತ್ತದೆ. ಬ್ಲೋಯರ್ ಗಾಳಿಯ ಸೆಲ್‌ನಲ್ಲಿ ಗಾಳಿ, ಮಟ್ಟ ಎರಡನ್ನೂ ಬೇರೆ ಬೇರೆ ತಿರುಗಿಸಬಹುದು. ಗ್ರೇಡ್ ಮೇಲೆ ಹಿಡಿತ ಬೇಕಾದ ಕಡೆ ಇದೇ ಮೇಲು.

ಬ್ಲೋಯರ್ ಲೆಕ್ಕ: ಮೇಲ್ಮೈಗೆ ಸೆಕೆಂಡಿಗೆ 1.2 ಸೆಂಟಿಮೀಟರ್ ಗಾಳಿವೇಗ ಹಿಡಿದರೆ ಪ್ರತಿ ಸೆಲ್‌ಗೆ ನಿಮಿಷಕ್ಕೆ 11 ಘನ ಮೀಟರ್, ಎಂಟಕ್ಕೆ 88. ಸ್ಲರಿಯ ಸಾಂದ್ರತೆ 1.29, ಇಂಪೆಲ್ಲರ್ 3 ಮೀಟರ್ ಆಳದಲ್ಲಿದ್ದರೆ 38 ಕಿಲೋಪಾಸ್ಕಲ್ ಒತ್ತಡ, ಅದರ ಮೇಲೆ ಪೈಪ್ ಮತ್ತು ಕವಾಟದ ನಷ್ಟ. ಘಟಕ ಎತ್ತರದ ಪ್ರದೇಶದಲ್ಲಿದ್ದರೆ ತೆಳು ಗಾಳಿಗೆ ತಿದ್ದುಪಡಿ ಮಾಡಿ. ಒಂದು ಬ್ಲೋಯರ್ ಕಾಯ್ದಿಟ್ಟದ್ದು ಇರಲೇಬೇಕು: ಗಾಳಿ ನಿಂತರೆ ಸ್ಲರಿ, ಗಾಳಿ ಇಳಿಯುವ ಟೊಳ್ಳು ಶಾಫ್ಟ್‌ನೊಳಗೆ ಏರಿ ಅಲ್ಲೇ ಗಟ್ಟಿಯಾಗುತ್ತದೆ.

ಯಾಂತ್ರಿಕ ಸೆಲ್ ಸಾಲದಾದಾಗ

ಕ್ಲೀನರ್‌ನಲ್ಲಿ ಗ್ರೇಡ್ ಏರದೆ ಇದ್ದರೆ, ನಯವಾದ ಸಿಲಿಕೇಟ್ ಕಣಗಳು ಅಂಟದೆಯೇ ನೊರೆಯ ನೀರಿನ ಜೊತೆ ಬರುತ್ತಿವೆಯೇ ಎಂದು ನೋಡಿ. ಹೌದಾದರೆ ಕಾಲಮ್, ಅಂದರೆ ಎತ್ತರದ ಕಂಬದಂಥ ಸೆಲ್ ಯೋಚಿಸಿ. ಅದರಲ್ಲಿ ಇಂಪೆಲ್ಲರ್ ಇಲ್ಲ. ಎತ್ತರ ಸಾಮಾನ್ಯವಾಗಿ 10ರಿಂದ 14 ಮೀಟರ್, ನೊರೆಯ ಪದರ ಅರ್ಧದಿಂದ ಒಂದು ಮೀಟರ್, ಮೇಲಿನಿಂದ ತೊಳೆಯುವ ನೀರು. ಆ ನೀರಿನ ಒಂದು ಪಾಲು ಕೆಳಮುಖವಾಗಿ ಇಳಿಯುತ್ತಲೇ ಇದ್ದರೆ ಮಾತ್ರ ಸಿಲಿಕೇಟ್ ತೊಳೆದುಹೋಗುತ್ತದೆ. ದಪ್ಪ ನೊರೆಯಿಂದ ಖನಿಜವೂ ಉದುರುವುದರಿಂದ ಕಾಲಮ್‌ನ ಟೇಲಿಂಗ್‌ಗೆ ಯಾಂತ್ರಿಕ ಕ್ಲೀನರ್-ಸ್ಕ್ಯಾವೆಂಜರ್ ಇಡಿ. ಸುಣ್ಣ ಬಳಸುವ ಘಟಕಗಳಲ್ಲಿ ಸ್ಪಾರ್ಜರ್‌ನ (ತಳದಲ್ಲಿ ಗಾಳಿ ಬಿಡುವ ನಳಿಕೆಯ) ತೂತುಗಳು ಕಟ್ಟಿಕೊಳ್ಳುತ್ತವೆ. ಕಾಲಮ್ ಓಡುತ್ತಿರುವಾಗಲೇ ಹೊರತೆಗೆದು ಬದಲಿಸಬಹುದಾದ ಸ್ಪಾರ್ಜರ್ ಬಿಟ್ಟು ಬೇರೆಯದನ್ನು ಕೊಳ್ಳಬೇಡಿ.

ನಯವಾದ ಕಣಗಳಲ್ಲೇ ನಷ್ಟವಿದ್ದರೆ ಜೇಮ್ಸನ್ ಸೆಲ್ ಬಗೆಯದು ಒಪ್ಪುತ್ತದೆ. ಡೌನ್‌ಕಮರ್ (ಕೆಳಮುಖದ ಕೊಳವೆ) ಒಳಗೆ ಸ್ಲರಿಯ ಜೆಟ್ ತಾನೇ ಗಾಳಿ ಎಳೆದು ಅರ್ಧ ಮಿಲಿಮೀಟರ್ ಆಸುಪಾಸಿನ ಗುಳ್ಳೆ ಮಾಡುತ್ತದೆ. ಫೀಡ್ ಏರಿಳಿದರೂ ಜೆಟ್‌ನ ಒತ್ತಡ ಸ್ಥಿರವಾಗಿರಬೇಕು; ಅದಕ್ಕೆ ಟೇಲಿಂಗ್‌ನ ಒಂದು ಭಾಗವನ್ನು ಪಂಪ್ ಸಂಪ್‌ಗೆ ಮರಳಿಸುವ ವ್ಯವಸ್ಥೆ ಬೇಕು. ದಪ್ಪ ಕಣಗಳ ನಷ್ಟಕ್ಕೆ ಹೈಡ್ರೋಫ್ಲೋಟ್‌ನಂಥ ದ್ರವೀಕೃತ ಹಾಸಿನ ಯಂತ್ರಗಳಿವೆ. ಅವಕ್ಕೆ ಫೀಡ್ ಕೊಡುವ ಮೊದಲು ನಯವಾದ ಅಂಶವನ್ನು ವರ್ಗೀಕರಿಸಿ ತೆಗೆಯದಿದ್ದರೆ ಅದು ನೀರಿನೊಂದಿಗೆ ಉಕ್ಕಿ ಕಾನ್ಸಂಟ್ರೇಟ್ (ಬೇರ್ಪಟ್ಟ ಖನಿಜ) ಕೆಡಿಸುತ್ತದೆ.

ಒಪ್ಪಂದಕ್ಕೆ ಮುನ್ನ

ಪೂರೈಕೆದಾರರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ: ಕರೆಂಟ್ ಹೋಗಿ ಮರಳು ತಳಕ್ಕಿಳಿದ ಮೇಲೆ, ಸೆಲ್ ಖಾಲಿ ಮಾಡದೆ ಮತ್ತೆ ಚಾಲೂ ಆಗುತ್ತದೆಯೇ? ಇಂಪೆಲ್ಲರ್ ತಳದಲ್ಲಿದ್ದರೆ ಅದು ಮರಳಿನಲ್ಲಿ ಹೂತುಹೋಗುತ್ತದೆ. ಮೋಟರ್‌ಗೆ ಆ ಆರಂಭಿಕ ಭಾರ ಎಳೆಯುವ ಶಕ್ತಿ ಇದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ಓಡುವಾಗಿನ ವಿದ್ಯುತ್ ಬಳಕೆ ದೊಡ್ಡ ಸೆಲ್‌ಗಳಲ್ಲಿ ಘನ ಮೀಟರ್‌ಗೆ ಸುಮಾರು 1 ಕಿಲೋವ್ಯಾಟ್, ಸಣ್ಣವುಗಳಲ್ಲಿ ಹೆಚ್ಚು. ಇಂಪೆಲ್ಲರ್, ಅದರ ಸುತ್ತ ಸ್ಥಿರವಾಗಿರುವ ಸ್ಟೇಟರ್ ಸವೆದು ನಡುವಿನ ಸಂದು ಹಿಗ್ಗಿದಂತೆ ಗುಳ್ಳೆ ದಪ್ಪವಾಗಿ ರಿಕವರಿ ಸದ್ದಿಲ್ಲದೆ ಇಳಿಯುತ್ತದೆ. ಸಂದು ಎಷ್ಟಾದಾಗ ಬದಲಿಸಬೇಕು ಎಂಬ ಅಂಕಿ ಕೈಪಿಡಿಯಲ್ಲಿರಲಿ.

ಮಟ್ಟ ನಿಯಂತ್ರಣಕ್ಕೆ ದೊಡ್ಡ ಸೆಲ್‌ಗಳ ನಡುವೆ ಒಂದರ ಬದಲು ಎರಡು ಡಾರ್ಟ್ ವಾಲ್ವ್ (ಮೇಲೆ-ಕೆಳಗೆ ಚಲಿಸಿ ತೂತು ಮುಚ್ಚುವ ಕವಾಟ) ಇಡಿ. ಒಂದು ಸ್ಥಿರವಾಗಿ ತೆರೆದಿದ್ದು ಇನ್ನೊಂದು ಸೂಕ್ಷ್ಮವಾಗಿ ಹೊಂದಿಸುತ್ತದೆ, ಒಂದಕ್ಕೆ ಚಿಂದಿ ಸಿಕ್ಕಿಕೊಂಡರೂ ಸಾಲು ನಿಲ್ಲುವುದಿಲ್ಲ. ನೊರೆ ಪಂಪ್‌ಗಳನ್ನು ಸ್ಲರಿಯ ಗಾತ್ರದ ಮೇಲೆ ಆರಿಸಬೇಡಿ. ನೊರೆಯಲ್ಲಿ ಗಾಳಿ ಸೇರಿ ಗಾತ್ರ ಎರಡು ಮೂರು ಪಟ್ಟಾಗುವುದು ಸಾಮಾನ್ಯ, ಅಂಟು ನೊರೆಯಾದರೆ ಇನ್ನೂ ಹೆಚ್ಚು. ಆ ಗುಣಕವನ್ನು ಪೈಲಟ್ ಪರೀಕ್ಷೆಯಲ್ಲೇ ಅಳೆಯಿರಿ: ಅಳತೆಯ ಪಾತ್ರೆ ತುಂಬ ನೊರೆ ಹಿಡಿದು, ಪೂರ್ತಿ ಒಡೆದ ಮೇಲೆ ಉಳಿದ ಸ್ಲರಿಯ ಗಾತ್ರದಿಂದ ಭಾಗಿಸಿದರೆ ಆಯಿತು.