ಬ್ರಿಟಿಷ್ ರಾಜಮನೆತನ ಐರ್ಲೆಂಡ್‌ಗೆ ಹೋದಾಗ ಅಲ್ಲಿನ ಜನರ ಮಾತನ್ನು ಅರ್ಥ ಮಾಡಿಕೊಳ್ಳೋದು ಹೇಗೆ?

ಬ್ರಿಟನ್ನಿನ ರಾಜನೋ ರಾಣಿಯೋ ಐರ್ಲೆಂಡ್‌ಗೆ ಹೋದರು ಅಂತ ಸುದ್ದಿ ಬಂದರೆ ನಮ್ಮಲ್ಲಿ ಎರಡು ಥರದ ಮಾತು ಶುರುವಾಗುತ್ತದೆ. "ನೋಡಿ, ಎಲ್ಲ ಮರೆತು ಹೇಗೆ ಕೈ ಕುಲುಕಿದ್ದಾರೆ" ಅನ್ನುವವರು ಒಂದು ಕಡೆ. "ಅವರಿಗೆ ಸ್ವಾಭಿಮಾನ ಇಲ್ವಾ" ಅನ್ನುವವರು ಇನ್ನೊಂದು ಕಡೆ. ಎರಡೂ ಅವಸರದ ಮಾತು. ಅಂಥ ಸುದ್ದಿ ಓದುವವರಿಗೆ, ಡಬ್ಲಿನ್‌ನಲ್ಲೋ ಕಾರ್ಕ್‌ನಲ್ಲೋ ಕೆಲಸಕ್ಕೆ ಸೇರಿರುವ ನಮ್ಮ ಚಿಕ್ಕಬಳ್ಳಾಪುರ ಕಡೆಯ ಹುಡುಗ ಹುಡುಗಿಯರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ 2011ರ ಮೇ 17ರಿಂದ 20ರವರೆಗಿನ ರಾಣಿ ಎರಡನೇ ಎಲಿಜಬೆತ್ ಭೇಟಿಯನ್ನೇ ಹಿಡಿದುಕೊಳ್ಳೋಣ, ಬೇಕಾದ್ದೆಲ್ಲ ಅದರಲ್ಲಿದೆ.

ಮೊದಲು ನಕ್ಷೆ

ಐರ್ಲೆಂಡ್ ಅನ್ನುವುದು ಒಂದೇ ದ್ವೀಪ, ಆಡಳಿತ ಎರಡು. ದಕ್ಷಿಣದ್ದು ಗಣರಾಜ್ಯ. ಡಬ್ಲಿನ್ ರಾಜಧಾನಿ, 1922ರಿಂದ ಬೇರೆ ದೇಶ. ಉತ್ತರದ ಆರು ಕೌಂಟಿಗಳು (ನಮ್ಮ ಜಿಲ್ಲೆಗಳ ಥರ) ಇವತ್ತಿಗೂ ಯುಕೆಗೆ ಸೇರಿವೆ, ಅಲ್ಲಿನ ದೊಡ್ಡ ಊರು ಬೆಲ್‌ಫಾಸ್ಟ್. ಉತ್ತರದಲ್ಲಿ ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಯೂನಿಯನಿಸ್ಟರಿಗೆ ಬರುವವರು ತಮ್ಮದೇ ರಾಜ. ಅವರ ಪಕ್ಕದ ಬೀದಿಯಲ್ಲೇ ಇರುವ, ಇಡೀ ದ್ವೀಪ ಒಂದೇ ಗಣರಾಜ್ಯ ಆಗಬೇಕು ಅನ್ನುವ ರಿಪಬ್ಲಿಕನ್ನರಿಗೆ ಅದೇ ರಾಜ ತಮ್ಮ ನೆಲ ಹಿಡಿದುಕೊಂಡಿರುವ ಸೈನ್ಯದ ಯಜಮಾನ. 1960ರ ದಶಕದ ಕೊನೆಯಿಂದ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದವರೆಗೆ ಈ ಜಗಳದಲ್ಲಿ ಸುಮಾರು 3,500 ಜನ ಸತ್ತರು. ಹಾಗಾಗಿ "ಐರಿಷ್ ಜನ ಹೀಗೆ ಹೇಳಿದರು" ಅಂತ ಎಲ್ಲಾದರೂ ಓದಿದರೆ ಯಾವ ಊರಿನವರು ಅಂತ ಮೊದಲು ಕೇಳಿಕೊಳ್ಳಿ.

2011ರ ಭೇಟಿ ಗಣರಾಜ್ಯಕ್ಕೆ. ಅದಕ್ಕೆ ಮುಂಚೆ ಬ್ರಿಟಿಷ್ ದೊರೆಯೊಬ್ಬರು ಡಬ್ಲಿನ್‌ಗೆ ಬಂದದ್ದು 1911ರಲ್ಲಿ, ಐದನೇ ಜಾರ್ಜ್. ಆಗ ಇಡೀ ದ್ವೀಪ ಅವರ ಕೈಯಲ್ಲೇ ಇತ್ತು. ನಡುವೆ ನೂರು ವರ್ಷ ಖಾಲಿ. ಕರೆದವರು ಐರ್ಲೆಂಡ್‌ನ ಆಗಿನ ಅಧ್ಯಕ್ಷೆ ಮೇರಿ ಮೆಕಲೀಸ್. ಅವರು ಹುಟ್ಟಿದ್ದು ಬೆಲ್‌ಫಾಸ್ಟ್‌ನ ಕ್ಯಾಥೊಲಿಕ್ ಮನೆಯಲ್ಲಿ, ಗಲಭೆ ಕಾಲದಲ್ಲಿ ಅವರ ಕುಟುಂಬ ಮನೆ ಬಿಟ್ಟು ಹೋಗಬೇಕಾಗಿ ಬಂದಿತ್ತು. ಯಾರು ಕರೆದರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಎಲ್ಲಿ ನಿಂತರು, ಯಾರ ಮುಂದೆ ತಲೆ ಬಾಗಿಸಿದರು

ಭಾಷಣ ಆಮೇಲೆ ಓದಿ. ಮೊದಲು ಕಾರ್ಯಕ್ರಮದ ಪಟ್ಟಿ ತೆಗೆದುಕೊಂಡು ಪ್ರತಿ ಜಾಗದ ಮುಂದೆ ಅಲ್ಲಿ ನೆನಪಾಗುವ ಸತ್ತವರು ಯಾರು ಅಂತ ಬರೆದುಕೊಳ್ಳಿ. ಆಸ್ತಿ ಜಗಳದಲ್ಲಿ ಮಾತು ಬಿಟ್ಟಿದ್ದ ದಾಯಾದಿಗಳು ಎಷ್ಟೋ ವರ್ಷದ ಮೇಲೆ ಮನೆಗೆ ಬಂದರೆ, ನಾವು ಅವರು ತಂದ ಹಣ್ಣು ನೋಡುತ್ತೇವಾ? ಗೋಡೆಯ ಮೇಲಿನ ತಾತನ ಫೋಟೋಗೆ ಕೈ ಮುಗಿದರಾ ಇಲ್ವಾ ಅಂತ ನೋಡುತ್ತೇವೆ. ಐರಿಷ್ ಜನ ನೋಡಿದ್ದೂ ಅದನ್ನೇ.

ರಾಣಿಯ ವಿಮಾನ ಇಳಿದದ್ದು ಕೇಸ್ಮೆಂಟ್ ನಿಲ್ದಾಣದಲ್ಲಿ. 1916ರಲ್ಲಿ ಬ್ರಿಟಿಷರು ಲಂಡನ್ನಿನಲ್ಲಿ ಗಲ್ಲಿಗೆ ಹಾಕಿದ ಐರಿಷ್ ಹೋರಾಟಗಾರ ರೋಜರ್ ಕೇಸ್ಮೆಂಟ್ ಹೆಸರು ಅದಕ್ಕೆ. ಹಸಿರು ಬಟ್ಟೆ ಹಾಕಿಕೊಂಡು ಬಂದಿದ್ದರು, ಟಿವಿಯವರಿಗೆ ಅರ್ಧ ದಿನ ಅದೇ ಸಾಕಾಯಿತು. ಅದೇ ಮಧ್ಯಾಹ್ನ ಗಾರ್ಡನ್ ಆಫ್ ರಿಮೆಂಬ್ರನ್ಸ್‌ಗೆ ಹೋದರು. ಬ್ರಿಟನ್ ವಿರುದ್ಧ ಹೋರಾಡಿ ಸತ್ತವರಿಗಾಗಿ 1966ರಲ್ಲಿ ತೆರೆದ ಉದ್ಯಾನ ಅದು. ಹೂಮಾಲೆ ಇಟ್ಟು ತಲೆ ಬಾಗಿಸಿದರು. ಭೇಟಿಯ ಬಗ್ಗೆ ಏನೂ ಉತ್ಸಾಹ ಇಲ್ಲದಿದ್ದ ಎಷ್ಟೋ ಜನ ಆಮೇಲೆ ನೆನೆಸಿಕೊಂಡದ್ದು ಈ ಒಂದು ಗಳಿಗೆಯನ್ನ.

ಆದರೆ ಆ ದಿನ ಮೇ 17. 1974ರ ಅದೇ ತಾರೀಖು ಡಬ್ಲಿನ್ ಮತ್ತು ಮೊನಾಹನ್ ಪಟ್ಟಣಗಳಲ್ಲಿ ಬಾಂಬ್ ಸಿಡಿದು 33 ಜನ ಸತ್ತಿದ್ದರು. ಅದರ ಬಗ್ಗೆ ಬ್ರಿಟನ್ ಹತ್ತಿರ ಇರುವ ಕಡತಗಳನ್ನು ಕೊಡಿ ಅಂತ ಸತ್ತವರ ಮನೆಯವರು ಎಷ್ಟೋ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಹೂಮಾಲೆ ನೋಡಿ ಅವರ ಕಣ್ಣು ತುಂಬಲಿಲ್ಲ ಅಂದರೆ ಅದಕ್ಕೆ ದ್ವೇಷ ಅನ್ನಬೇಡಿ. ಅವರು ಕೇಳಿದ್ದು ಕಾಗದ.

ಮಾರನೇ ದಿನ ಐಲೆಂಡ್‌ಬ್ರಿಡ್ಜ್. ಮೊದಲ ಮಹಾಯುದ್ಧದಲ್ಲಿ ಸತ್ತ 49,400 ಐರಿಷ್ ಸೈನಿಕರ ಸ್ಮಾರಕ ಅಲ್ಲಿದೆ. ವಿನ್ಯಾಸ ಮಾಡಿದವರು ನಮ್ಮ ಹೊಸದಿಲ್ಲಿಯನ್ನು ಕಟ್ಟಿದ ಲುಟ್ಯೆನ್ಸ್. ಆ ಸೈನಿಕರು ಸತ್ತದ್ದು ಬ್ರಿಟಿಷ್ ಸಮವಸ್ತ್ರದಲ್ಲಿ, ಹಾಗಾಗಿ ಸ್ವತಂತ್ರ ಐರ್ಲೆಂಡ್ ಅವರ ಬಗ್ಗೆ ಎಷ್ಟೋ ಕಾಲ ಜಾಸ್ತಿ ಮಾತಾಡಲೇ ಇಲ್ಲ. ತಾತ ಸೈನ್ಯದಲ್ಲಿ ಸತ್ತ ಅಂತ ಹೇಳಿಕೊಳ್ಳೋಕೆ ಮುಜುಗರ ಪಡುತ್ತಿದ್ದ ಮನೆಗಳಿಗೆ ಈ ನಿಲುಗಡೆಯೇ ಮುಖ್ಯ. ಉಳಿದವರಿಗೆ ಅಲ್ಲ.

ಅಲ್ಲಿಂದ ಕ್ರೋಕ್ ಪಾರ್ಕ್. ನನ್ನ ಪ್ರಕಾರ ಇಡೀ ಪ್ರವಾಸದ ಗಟ್ಟಿ ಜಾಗ ಇದು. 1920ರ ನವೆಂಬರ್ 21ರ ಬೆಳಿಗ್ಗೆ ಐರಿಷ್ ಸ್ವಾತಂತ್ರ್ಯ ಹೋರಾಟದ ನಾಯಕ ಮೈಕಲ್ ಕಾಲಿನ್ಸ್ ಕಡೆಯವರು ಡಬ್ಲಿನ್‌ನಲ್ಲಿ ಬ್ರಿಟಿಷ್ ಗುಪ್ತಚರ ಅಧಿಕಾರಿಗಳನ್ನು ಕೊಂದರು. ಮಧ್ಯಾಹ್ನ ಈ ಮೈದಾನದಲ್ಲಿ ಗೇಲಿಕ್ ಫುಟ್‌ಬಾಲ್, ಅಂದರೆ ಐರಿಷರದ್ದೇ ಫುಟ್‌ಬಾಲ್ ಆಟ, ನಡೆಯುತ್ತಿತ್ತು. ಸರ್ಕಾರಿ ಪಡೆಗಳು ಒಳಗೆ ನುಗ್ಗಿ ಗುಂಡು ಹಾರಿಸಿದವು, 14 ಜನ ಸತ್ತರು. ಆ ಮೈದಾನ ನಡೆಸುವ, ಐರಿಷ್ ಆಟಗಳ ಸಂಸ್ಥೆ 1971ರವರೆಗೆ ತನ್ನ ಸದಸ್ಯರು ಕ್ರಿಕೆಟ್, ರಗ್ಬಿಯಂಥ "ಪರದೇಶಿ" ಆಟ ಆಡುವುದನ್ನೇ ನಿಷೇಧಿಸಿತ್ತು. 2007ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ರಗ್ಬಿ ತಂಡ ಅಲ್ಲಿಗೆ ಬಂದಾಗ ಬ್ರಿಟಿಷ್ ರಾಷ್ಟ್ರಗೀತೆಗೆ ಏನಾಗುತ್ತದೋ ಅಂತ ಎಲ್ಲರಿಗೂ ಭಯ. ಜನ ಸುಮ್ನೆ ನಿಂತು ಗೌರವ ಕೊಟ್ಟರು. ಆಮೇಲೆ 43-13ಕ್ಕೆ ಬಡಿದು ಕಳಿಸಿದರು. ಅಂದರೆ ರಾಣಿ ಬರುವ ನಾಲ್ಕು ವರ್ಷ ಮೊದಲೇ ದಾರಿ ಸ್ವಲ್ಪ ಸವೆದಿತ್ತು. ಆದರೂ 2011ರಲ್ಲಿ ಉತ್ತರದ ಹಲವು ಕೌಂಟಿಗಳ ಪದಾಧಿಕಾರಿಗಳು ಕ್ರೋಕ್ ಪಾರ್ಕ್ ಕಾರ್ಯಕ್ರಮಕ್ಕೆ ಬರಲಿಲ್ಲ. ಒಂದೇ ಸಂಸ್ಥೆ, ಒಂದೇ ಮೈದಾನ. ಬಾರದವರು ಯಾವ ಊರಿನವರು ಅಂತ ನೋಡಿದರೆ ಕಾರಣ ತಾನಾಗಿ ಕಾಣುತ್ತದೆ.

ಆ ರಾತ್ರಿ ಡಬ್ಲಿನ್ ಕ್ಯಾಸಲ್‌ನಲ್ಲಿ ಊಟ. ರಾಣಿ ಐರಿಷ್ ಭಾಷೆಯಲ್ಲಿ ಮಾತು ಶುರು ಮಾಡಿದರು, ಪಕ್ಕದಲ್ಲಿದ್ದ ಮೆಕಲೀಸ್ "ವಾವ್" ಅಂದದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಕೆಲವನ್ನು ಬೇರೆ ಥರ ಮಾಡಬಹುದಿತ್ತು, ಕೆಲವನ್ನು ಮಾಡಲೇಬಾರದಿತ್ತು ಅಂತ ಈಗ ಹಿಂದಿರುಗಿ ನೋಡಿದರೆ ಅನಿಸುತ್ತದೆ ಅನ್ನುವ ಅರ್ಥದ ಮಾತೂ ಆಡಿದರು. ಕ್ಷಮೆ ಕೇಳಲಿಲ್ಲ. ಇದನ್ನು ಗಮನಿಸಿ, ಯಾಕೆಂದರೆ "ರಾಣಿ ಕ್ಷಮೆ ಕೇಳಿದರು" ಅಂತ ಹೇಳುವವರು ಸಿಗುತ್ತಾರೆ. ಕ್ಷಮೆ ಕೇಳಿದ್ದು ಪ್ರಧಾನಿ ಡೇವಿಡ್ ಕ್ಯಾಮರೂನ್, 2010ರ ಜೂನ್‌ನಲ್ಲಿ. ಅದು ಬೇರೆ ಘಟನೆಗೆ, 1972ರಲ್ಲಿ ಉತ್ತರದ ಡೆರಿ ಊರಲ್ಲಿ ನಡೆದ ಗೋಲಿಬಾರ್‌ಗೆ.

ನೋವು ಎರಡೂ ಕಡೆ ಇದೆ ಅನ್ನುವುದಕ್ಕೂ ಪಟ್ಟಿಯಲ್ಲಿ ಒಂದು ಸಾಲು ಬಿಡಿ. ನಮಗೆ ಕೊನೆಯ ವೈಸರಾಯ್ ಅಂತ ಗೊತ್ತಿರುವ ಮೌಂಟ್‌ಬ್ಯಾಟನ್, ರಾಣಿಯ ಗಂಡ ಫಿಲಿಪ್ ಅವರ ಸೋದರಮಾವ. 1979ರ ಆಗಸ್ಟ್ 27ರಂದು ಮಲ್ಲಾಮೋರ್ ಅನ್ನುವ ಊರಲ್ಲಿ, ರಿಪಬ್ಲಿಕನ್ನರ ಬಂದೂಕು ಹಿಡಿದ ಗುಂಪಾದ ಐಆರ್‌ಎ ಇಟ್ಟ ಬಾಂಬ್‌ಗೆ ದೋಣಿಯಲ್ಲೇ ಸತ್ತರು. ಜೊತೆಗೆ ಸತ್ತವರಲ್ಲಿ ಅವರ ಮೊಮ್ಮಗನೂ ಇದ್ದ, ಆ ಕಡೆಯ ಹುಡುಗನೊಬ್ಬನೂ ಇದ್ದ.

ಬೇಡ ಅಂದವರನ್ನು ಒಂದೇ ಗಂಟು ಕಟ್ಟಬೇಡಿ

2011ರಲ್ಲಿ ಬೇಡ ಅಂದವರಲ್ಲಿ ಕನಿಷ್ಠ ಮೂರು ಥರ ಇದ್ದರು. ಉತ್ತರದಲ್ಲಿ ಬ್ರಿಟಿಷ್ ಆಡಳಿತ ಇರೋವರೆಗೂ ಬರಲೇಬಾರದು ಅನ್ನುವ ಸಣ್ಣ ಗುಂಪುಗಳು ಬೀದಿಯಲ್ಲಿ ಕೂಗಿದವು. ಭೇಟಿಯ ಹಿಂದಿನ ದಿನ ಮೇನೂತ್ ಹತ್ತಿರ ಬಸ್ಸಿನಲ್ಲಿ ಬಾಂಬೂ ಸಿಕ್ಕಿತ್ತು. ರಿಪಬ್ಲಿಕನ್ನರ ಶಿನ್ ಫೇನ್ ಪಕ್ಷ ಇನ್ನೂ ಕಾಲ ಬಂದಿಲ್ಲ ಅಂತ ದೂರ ನಿಂತಿತು, ಆದರೆ ಅದೇ ಪಕ್ಷದ ಕ್ಯಾಶಲ್ ಪಟ್ಟಣದ ಮೇಯರ್ ರಾಣಿಯ ಕೈ ಕುಲುಕಿದರು. ಇನ್ನು ಕೆಲವರ ತಕರಾರು ದುಡ್ಡಿನದು. ಐರ್ಲೆಂಡ್ ಆರು ತಿಂಗಳ ಹಿಂದಷ್ಟೇ ಐಎಂಎಫ್ ಮತ್ತು ಯುರೋಪಿಯನ್ ಯೂನಿಯನ್ ಮುಂದೆ ಸಾಲಕ್ಕೆ ಕೈ ಒಡ್ಡಿತ್ತು, ನಿರುದ್ಯೋಗ ಶೇ. 14ರ ಆಸುಪಾಸು. ಇಂಥ ಹೊತ್ತಲ್ಲಿ ಭದ್ರತೆಗೆ ಕೋಟಿಗಟ್ಟಲೆ ಯುರೋ ಯಾಕೆ ಅಂತ ಕೇಳಿದರೆ ಅದರಲ್ಲಿ ಇತಿಹಾಸ ಹುಡುಕೋಕೆ ಹೋಗಬೇಡಿ.

ಫೋಟೋಗಳನ್ನೂ ನಂಬಬೇಡಿ. ಡಬ್ಲಿನ್‌ನ ಖಾಲಿ ರಸ್ತೆ ನೋಡಿ ಜನ ಬಹಿಷ್ಕಾರ ಹಾಕಿದರು ಅಂದವರು ಇದ್ದಾರೆ. ರಸ್ತೆ ಖಾಲಿ ಇದ್ದದ್ದು ಪೊಲೀಸರು ಯಾರನ್ನೂ ಹತ್ತಿರ ಬಿಡದೇ ಇದ್ದದ್ದಕ್ಕೆ. ಕೊನೆಯ ದಿನ ಕಾರ್ಕ್‌ನಲ್ಲಿ ಬಿಟ್ಟಾಗ ಜನ ಬಂದು ನಿಂತಿದ್ದರು, ಇಂಗ್ಲಿಷ್ ಮಾರ್ಕೆಟ್‌ನಲ್ಲಿ ಮೀನಿನ ಅಂಗಡಿ ಮುಂದೆ ರಾಣಿ ನಗುತ್ತಾ ನಿಂತ ಚಿತ್ರ ಎಲ್ಲ ಕಡೆ ಓಡಾಡಿತು.

ಒಂದೇ ಪಕ್ಷವನ್ನು ಹಿಡಿದು ಹತ್ತು ವರ್ಷ ನೋಡುವುದು ಇನ್ನೂ ಒಳ್ಳೇ ದಾರಿ. ದೂರ ನಿಂತಿದ್ದ ಶಿನ್ ಫೇನ್‌ನ ಮಾರ್ಟಿನ್ ಮೆಗಿನ್ನೆಸ್, ಒಂದು ಕಾಲದ ಐಆರ್‌ಎ ನಾಯಕ, 2012ರ ಜೂನ್ 27ರಂದು ಬೆಲ್‌ಫಾಸ್ಟ್‌ನಲ್ಲಿ ರಾಣಿಯ ಕೈ ಕುಲುಕಿದರು. 2015ರಲ್ಲಿ ಗಾಲ್ವೇಯಲ್ಲಿ ಆ ಪಕ್ಷದ ಆಗಿನ ಅಧ್ಯಕ್ಷ ಜೆರಿ ಆಡಮ್ಸ್, ರಾಣಿಯ ಮಗ ಚಾರ್ಲ್ಸ್ ಕೈ ಕುಲುಕಿದರು, ಅದರ ಮಾರನೇ ದಿನ ಚಾರ್ಲ್ಸ್ ಮಲ್ಲಾಮೋರ್‌ಗೆ ಹೋದರು. 2023ರಲ್ಲಿ ಅದೇ ಪಕ್ಷದ ಮಿಷೆಲ್ ಓನೀಲ್ ಚಾರ್ಲ್ಸ್ ಪಟ್ಟಾಭಿಷೇಕಕ್ಕೇ ಹೋಗಿ ಕುಳಿತರು. ಹಾಗಂತ ಎಲ್ಲ ಸರಿಹೋಯಿತು ಅನ್ನಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ರಾಣಿ ತೀರಿಕೊಂಡ ರಾತ್ರಿ ಡಬ್ಲಿನ್‌ನ ಫುಟ್‌ಬಾಲ್ ಮೈದಾನವೊಂದರಲ್ಲಿ ಕೆಲವರು ಅದನ್ನೇ ಹಾಡು ಕಟ್ಟಿ ಕುಣಿದರು, ಕ್ಲಬ್ಬಿನವರೇ ಖಂಡಿಸಬೇಕಾಯಿತು.

ಈಗ ನಮ್ಮ ಜಿಲ್ಲೆಯಲ್ಲಿ ಅಭ್ಯಾಸ ಮಾಡಿ

ಪುಸ್ತಕ ಓದಿ ಬರದ ತಿಳುವಳಿಕೆ ಇದರಿಂದ ಬರುತ್ತದೆ. ಒಂದು ಭಾನುವಾರ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥಕ್ಕೆ ಹೋಗಿ. ನಾಗರಕಲ್ಲುಗಳಿಗೆ ಕೈ ಮುಗಿದು ಹಾಗೇ ವಾಪಸ್ ಬರಬೇಡಿ, ಹುತಾತ್ಮರ ಸ್ಮಾರಕದ ಒಳಗೆ ಸ್ವಲ್ಪ ಹೊತ್ತು ಓಡಾಡಿ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಅಲ್ಲಿ ಗುಂಡು ಹಾರಿತು. ಸತ್ತವರು ಎಷ್ಟು ಅನ್ನುವುದಕ್ಕೆ ಸರ್ಕಾರದ ಲೆಕ್ಕ ಒಂದು, ಊರಿನ ಲೆಕ್ಕ ಇನ್ನೊಂದು.

ಈಗ ಬ್ರಿಟನ್ನಿನ ರಾಜ ಅಲ್ಲಿಗೆ ಬಂದು ಹೂಮಾಲೆ ಇಡುತ್ತಾರೆ ಅಂದುಕೊಳ್ಳಿ. "ಬರಲಿ, ತಪ್ಪೇನು" ಅನ್ನುವವರು ಇರುತ್ತಾರೆ. "ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು, ಇವರು ಯಾಕೆ ಬರಬೇಕು" ಅನ್ನುವವರೂ ಇರುತ್ತಾರೆ. "ಸಂಸ್ಥಾನದ ತಲೆ ಮೇಲೆ ಕೂತಿದ್ದವರು ಯಾರು ಸ್ವಾಮಿ" ಅಂತ ಪಕ್ಕದಲ್ಲೇ ಒಬ್ಬರು ತಿರುಗಿ ಬೀಳುತ್ತಾರೆ. ಸತ್ತವರ ಮೊಮ್ಮಕ್ಕಳು ಬೇರೇನೋ ಹೇಳಬಹುದು. ಒಂದೇ ತಾಲ್ಲೂಕಿನಲ್ಲಿ ಇಷ್ಟು ದನಿ ಅಂದಮೇಲೆ ಒಂದು ಇಡೀ ದ್ವೀಪದಿಂದ ಒಂದೇ ಉತ್ತರ ಕೇಳುವುದು ಯಾವ ನ್ಯಾಯ?

1961ರಲ್ಲಿ ಇದೇ ರಾಣಿ ಬೆಂಗಳೂರಿಗೆ ಬಂದಾಗ ನಂದಿ ಬೆಟ್ಟಕ್ಕೂ ಬಂದಿದ್ದರು. ಅಲ್ಲಿ ಗೈಡುಗಳು ಅದನ್ನು ಇವತ್ತಿಗೂ ಖುಷಿಯಾಗಿ ಹೇಳುತ್ತಾರೆ, ಅದರಲ್ಲಿ ಕಹಿ ಏನೂ ಇಲ್ಲ. ಅದೇ ರಾಣಿ 1997ರಲ್ಲಿ ಜಲಿಯನ್‌ವಾಲಾ ಬಾಗ್‌ಗೆ ಹೋದಾಗ ಫಿಲಿಪ್ ಸತ್ತವರ ಸಂಖ್ಯೆ ಜಾಸ್ತಿ ಹೇಳಿದ್ದಾರೆ ಅಂತ ಬಾಯಿ ಹಾಕಿ ಎಲ್ಲರ ಕೋಪಕ್ಕೆ ಸಿಕ್ಕಿಕೊಂಡರು. ವ್ಯಕ್ತಿ ಅದೇ, ದೇಶ ಅದೇ, ಜಾಗ ಮಾತ್ರ ಬೇರೆ.

ಇನ್ನೊಂದು ವಿಷಯ. 1791ರಲ್ಲಿ ನಂದಿ ದುರ್ಗವನ್ನು ಟಿಪ್ಪುವಿನಿಂದ ಕಿತ್ತುಕೊಂಡದ್ದು ಕಾರ್ನ್‌ವಾಲಿಸ್ ಸೈನ್ಯ. ಅದೇ ಕಾರ್ನ್‌ವಾಲಿಸ್‌ನನ್ನು 1798ರಲ್ಲಿ ದಂಗೆ ಅಡಗಿಸಲು ಐರ್ಲೆಂಡ್‌ಗೆ ಕಳಿಸಿದರು. ಇದನ್ನು ಹೇಳಿದರೆ ಐರಿಷ್ ಸ್ನೇಹಿತರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಆದರೆ "ನಾವೂ ನೀವೂ ಒಂದೇ" ಅಂತ ಜಾಸ್ತಿ ಎಳೆಯಬೇಡಿ. ಜಲಿಯನ್‌ವಾಲಾ ಬಾಗ್ ಕಾಲದಲ್ಲಿ ಪಂಜಾಬನ್ನು ಆಳುತ್ತಿದ್ದ ಮೈಕಲ್ ಓಡ್ವಯರ್ ಐರಿಷ್ ಮನುಷ್ಯ, ಟಿಪ್ಪರರಿ ಕೌಂಟಿಯವನು. ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ ಹುಟ್ಟಿದ್ದೂ ಐರ್ಲೆಂಡ್‌ನಲ್ಲೇ.

ಎದುರಿಗೆ ಕೂತು ಮಾತಾಡುವಾಗ

ನಮ್ಮ ಅಕ್ಕನ ಮಗಳು ಡಬ್ಲಿನ್‌ನಿಂದ ಫೋನ್ ಮಾಡಿ, "ಮಾಮ, ಆಫೀಸಲ್ಲಿ ರಾಜನ ವಿಷಯ ಬಂದ್ರೆ ನಾನೇನ್ ಹೇಳ್ಲಿ?" ಅಂತ ಕೇಳಿದ್ದಳು. ಏನೂ ಹೇಳಬೇಡ, ಕೇಳು ಅಂದೆ. "ನೀವು ಬ್ರಿಟಿಷರನ್ನ ದ್ವೇಷಿಸ್ತೀರಾ" ಅಂತ ಕೇಳುವುದು ಬೇಡ. "ನಿಮ್ಮ ಮನೆಯವರು ಮೂಲತಃ ಯಾವ ಕೌಂಟಿ, ಮನೇಲಿ ದೊಡ್ಡವರು ಏನಂತಾರೆ" ಅಂತ ಕೇಳಿದರೆ ಬಾಗಿಲು ತೆರೆಯುತ್ತದೆ. ಗಣರಾಜ್ಯದವರ ಮುಂದೆ ಐರ್ಲೆಂಡನ್ನು ಯುಕೆಗೆ ಸೇರಿಸಿ ಮಾತಾಡಬೇಡಿ. ವೀಸಾ ಬೇರೆ, ದುಡ್ಡು ಬೇರೆ, ಅಷ್ಟಾದರೂ ನೆನಪಿರಲಿ.

ಕ್ಷಾಮದ ವಿಷಯದಲ್ಲಿ ತಮಾಷೆ ಬೇಡವೇ ಬೇಡ. 1845ರಿಂದ ಆಲೂಗೆಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು, ಸುಮಾರು ಅಷ್ಟೇ ಜನ ಹಡಗು ಹತ್ತಿದರು. ಆಗ ವಿಕ್ಟೋರಿಯಾ ರಾಣಿ ಬರೀ ಐದು ಪೌಂಡ್ ಕೊಟ್ಟಳು ಅನ್ನುವ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಅವಳು ಕೊಟ್ಟದ್ದು 2,000 ಪೌಂಡ್. ಇದು ಗೊತ್ತಿದ್ದರೂ ಅಲ್ಲೇ ತಿದ್ದಲು ಹೋಗಬೇಡಿ. ಆ ಸಾವುಗಳ ಮುಂದೆ ಎರಡೂ ಮೊತ್ತ ಚಿಲ್ಲರೆಯೇ, ಹೇಳುವವರ ಸಿಟ್ಟು ಇರುವುದೂ ಅದಕ್ಕೇ.

ಇನ್ನು ಇದ್ಯಾವುದೂ ತಲೆಗೆ ಹಾಕಿಕೊಳ್ಳದ ಜನರೂ ಬೇಕಾದಷ್ಟಿದ್ದಾರೆ. 2011ರಲ್ಲಿ ರಸ್ತೆ ಬಂದ್ ಮಾಡಿದ್ದಕ್ಕೆ ಬೈದವರು ಇದ್ದರು, ಗಿನ್ನೆಸ್ ಕಾರ್ಖಾನೆಯಲ್ಲಿ ಅಷ್ಟು ಚೆನ್ನಾಗಿ ತುಂಬಿಸಿಟ್ಟ ಬಿಯರನ್ನು ಫಿಲಿಪ್ ಆಸೆಯಿಂದ ನೋಡಿ ಕುಡಿಯದೇ ಎದ್ದು ಹೋದರಲ್ಲ ಅಂತ ನಕ್ಕವರೂ ಇದ್ದರು. ನಿಮ್ಮ ಪಟ್ಟಿಯಲ್ಲಿ ಅವರಿಗೂ ಜಾಗ ಇಡಿ.